ಕೈಯಲ್ಲಿ ಫೋನ್ ಇಲ್ಲದಿದ್ದರೆ ಸಾಕೇ? ಚಾಲಕರ ಮೊಬೈಲ್ ಬಳಕೆ, ಕಾನೂನು ಮತ್ತು ದಾಖಲೆಗೆ ಸಿಗದ ಲೆಕ್ಕ

"ಬ್ಲೂಟೂತ್‌ನಲ್ಲಿ ಮಾತಾಡಿದ್ರೂ ಫೈನ್ ಹಾಕ್ತಾರಾ?" ಗಾಡಿ ಓಡಿಸುವಾಗ ಮೊಬೈಲ್ ಬಳಸುವ ಮಾತು ಬಂದರೆ ಜನ ಮೊದಲು ಕೇಳುವುದು ಇದನ್ನೇ. ಕಾನೂನಿನ ಉತ್ತರವನ್ನು ಮುಂದೆ ನೋಡೋಣ. ಆದರೆ ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಅಡಗಿದೆ: ಕೈ ಬಿಡುವಾಗಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ. ನಮ್ಮ ಕಾನೂನು, ನಮ್ಮ ಕ್ಯಾಮೆರಾ, ನಮ್ಮ ದಂಡದ ಪಟ್ಟಿ ಎಲ್ಲವೂ ಚಾಲಕನ ಕೈಯನ್ನೇ ನೋಡುತ್ತವೆ. ಆದರೆ ಅಪಘಾತವಾಗುವುದು ಬಹುಪಾಲು ಕಣ್ಣು ರಸ್ತೆ ಬಿಟ್ಟಾಗ, ಇಲ್ಲವೇ ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸು ಬೇರೆಲ್ಲೋ ಇದ್ದಾಗ. ಈ ಎರಡರ ನಡುವಿನ ಅಂತರ ಗೊತ್ತಾಗದೆ ದಂಡವನ್ನು ಎಷ್ಟು ಏರಿಸಿದರೂ ಹೆಚ್ಚು ಪ್ರಯೋಜನವಿಲ್ಲ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184 ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಈ ಸೆಕ್ಷನ್‌ಗೆ ಒಂದು ವಿವರಣೆ ಸೇರಿಸಿತು. ಕೆಂಪು ದೀಪ ದಾಟುವುದು, ಸ್ಟಾಪ್ ಚಿಹ್ನೆ ಮೀರುವುದು, ನಿಯಮ ಬಿಟ್ಟು ಓವರ್‌ಟೇಕ್ ಮಾಡುವುದು, ಸಂಚಾರದ ವಿರುದ್ಧ ದಿಕ್ಕಿನಲ್ಲಿ ಬರುವುದು ಇವುಗಳ ಸಾಲಿನಲ್ಲೇ "ಕೈಯಲ್ಲಿ ಹಿಡಿಯುವ ಸಂವಹನ ಸಾಧನದ ಬಳಕೆ"ಯನ್ನೂ ಇಟ್ಟಿತು. ಕಾಯ್ದೆಯ ಕಣ್ಣಲ್ಲಿ ಕಿವಿಗೆ ಫೋನ್ ಹಿಡಿದು ಓಡಿಸುವವನೂ ರಾಂಗ್ ಸೈಡ್‌ನಲ್ಲಿ ನುಗ್ಗುವವನೂ ಒಂದೇ ವರ್ಗದವರು. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

ಜೈಲಿನ ಮಾತು ಪುಸ್ತಕದಲ್ಲಿದ್ದರೂ ರಸ್ತೆ ಬದಿಯಲ್ಲಿ ರಸೀದಿ ಹರಿದು ಕೊಡುತ್ತಾರಲ್ಲ, ಅದು ಹೇಗೆ? ಸೆಕ್ಷನ್ 200 ಕೆಲವು ಅಪರಾಧಗಳನ್ನು ಕೋರ್ಟಿಗೆ ಹೋಗದೆ ದಂಡ ಕಟ್ಟಿಸಿಕೊಂಡು ಮುಗಿಸಲು ಅವಕಾಶ ಕೊಡುತ್ತದೆ. 184ನೇ ಸೆಕ್ಷನ್ ಪೂರ್ತಿ ಅದರೊಳಗೆ ಬರುವುದಿಲ್ಲ, ಮೊಬೈಲ್ ಬಳಕೆಯೊಂದನ್ನು ಮಾತ್ರ ಅಲ್ಲಿ ಸೇರಿಸಿದ್ದಾರೆ. ಮೊತ್ತ ನಿಗದಿ ಮಾಡುವುದು ರಾಜ್ಯ ಸರ್ಕಾರ. ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲೇ ಪರಿಷ್ಕರಿಸಿದ ದರದ ಪ್ರಕಾರ ಮೊದಲ ಸಲಕ್ಕೆ ಬೈಕ್ ಮತ್ತು ಆಟೊಗೆ 1,500, ಕಾರಿನಂಥ ಲಘು ವಾಹನಕ್ಕೆ 3,000, ಭಾರಿ ವಾಹನಕ್ಕೆ 5,000 ರೂಪಾಯಿ. ಎರಡನೇ ಸಲಕ್ಕೆ 10,000.

ದಂಡ ಕಟ್ಟಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಅದು ತಪ್ಪು. ಕಟ್ಟಿದ ದಂಡ "ಹಿಂದಿನ ಅಪರಾಧ" ಎಂದೇ ಲೆಕ್ಕಕ್ಕೆ ಸೇರುತ್ತದೆ. ಜೊತೆಗೆ ಸೆಕ್ಷನ್ 206ರ ಪ್ರಕಾರ ಪೊಲೀಸ್ ಅಧಿಕಾರಿ ಚಾಲಕನ ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬೇಕು. ಚಾಲಕನ ಅಹವಾಲು ಕೇಳಿದ ಮೇಲೆ ಆರ್‌ಟಿಒ ಮೊದಲ ಸಲಕ್ಕೆ 3 ತಿಂಗಳು ಲೈಸೆನ್ಸ್ ಅಮಾನತಿನಲ್ಲಿಡಬಹುದು, ಮತ್ತೆ ಅದೇ ತಪ್ಪಾದರೆ ರದ್ದು ಮಾಡಬಹುದು. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ಸುಪ್ರೀಂ ಕೋರ್ಟ್ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಎಲ್ಲ ರಾಜ್ಯಗಳಿಗೆ ಇದೇ ಮಾತು ಹೇಳಿತ್ತು: ಮೊಬೈಲ್ ಹಿಡಿದು ಓಡಿಸಿದವರ ಲೈಸೆನ್ಸ್ ಕನಿಷ್ಠ 3 ತಿಂಗಳು ಅಮಾನತಾಗಬೇಕು. ಬೈಕ್, ಕ್ಯಾಬ್ ಓಡಿಸಿ ಹೊಟ್ಟೆ ಹೊರೆಯುವವರಿಗೆ 1,500 ರೂಪಾಯಿಗಿಂತ ಈ ಮೂರು ತಿಂಗಳೇ ದೊಡ್ಡ ಹೊಡೆತ. ಆದರೆ ಅಮಾನತಿನ ವಿಷಯ ಅವರಿಗೆ ಗೊತ್ತಿರುವುದು ಕಡಿಮೆ, ಹಾಗಾಗಿ ಅದರ ಭಯವೂ ಕಡಿಮೆ.

ಈಗ ಮ್ಯಾಪ್. ಹಿಂದೆ ಮ್ಯಾಪ್ ನೋಡುವುದೂ ತಪ್ಪೇ ಎಂಬ ಗೊಂದಲವಿತ್ತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದ ತಿದ್ದುಪಡಿ, ಚಾಲನೆಯ ವೇಳೆ ಇಂಥ ಸಾಧನವನ್ನು ದಾರಿ ತಿಳಿಯಲು ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬಹುದು ಎಂದಿತು. "ಮ್ಯಾಪ್ ನೋಡ್ತಿದ್ದೆ ಸಾರ್" ಎಂಬ ಸಮಜಾಯಿಷಿ ಎಲ್ಲೆಡೆ ಕೇಳಿಬರುವುದು ಇದರಿಂದಲೇ. ಆದರೆ ವಾಕ್ಯದ ಎರಡನೇ ಅರ್ಧವನ್ನು ಯಾರೂ ಓದುವುದಿಲ್ಲ. ಹೋಲ್ಡರ್‌ನಲ್ಲಿ ಕೂತ ಫೋನ್ ದಾರಿ ಹೇಳುತ್ತಿದ್ದರೆ ಅದು ಏಕಾಗ್ರತೆ ಕೆಡಿಸದ ಬಳಕೆ ಎನ್ನಬಹುದು. ಎಡಗೈಯಲ್ಲಿ ಫೋನ್ ಹಿಡಿದು, ಹೆಬ್ಬೆರಳಿನಲ್ಲಿ ಮ್ಯಾಪನ್ನು ಹಿಗ್ಗಿಸುತ್ತಾ ಒಂದೇ ಕೈಯಲ್ಲಿ ಸ್ಕೂಟರ್ ಓಡಿಸುವವನಿಗೆ ಈ ವಿನಾಯಿತಿ ಸಿಗುವುದಿಲ್ಲ.

ಬ್ಲೂಟೂತ್ ಪ್ರಶ್ನೆಗೆ ಬರೋಣ. 184ರ ವಿವರಣೆಯಲ್ಲಿ "ಕೈಯಲ್ಲಿ ಹಿಡಿಯುವ" ಎಂಬ ಪದ ಇರುವುದರಿಂದ, ಕಾರಿನ ಸ್ಪೀಕರ್‌ನಲ್ಲಿ ಮಾತಾಡುವುದು ನೇರವಾಗಿ ಅದರಡಿ ಬರುವುದಿಲ್ಲ. ಹಾಗೆಂದು ಪೂರ್ತಿ ರಹದಾರಿ ಸಿಕ್ಕಿದಂತಲ್ಲ. 2017ರ ಚಾಲನಾ ನಿಬಂಧನೆಗಳ ಪ್ರಕಾರ ಚಾಲಕನ ಗಮನ ಬೇರೆ ಕೆಲಸದತ್ತ ಹರಿಯಬಾರದು, ಸಂಗೀತದಿಂದಲೋ ಸಂವಹನ ಸಾಧನದಿಂದಲೋ ಅವನ ದೃಷ್ಟಿ ಮತ್ತು ಶ್ರವಣಕ್ಕೆ ಅಡ್ಡಿಯಾಗಬಾರದು. ಎರಡೂ ಕಿವಿಗೆ ಇಯರ್‌ಬಡ್ ತುರುಕಿಕೊಂಡ ಬೈಕ್ ಸವಾರ ಸಿಕ್ಕಿಬೀಳುವುದು ಇಲ್ಲಿ. ನಿಬಂಧನೆ ಮೀರಿದರೆ ಸೆಕ್ಷನ್ 177ಎ ಅಡಿ 500ರಿಂದ 1,000 ರೂಪಾಯಿ ದಂಡ. ಇನ್ನು ಮಾತಿನ ಭರದಲ್ಲಿ ಯಾರಿಗಾದರೂ ಗುದ್ದಿದರೆ ವಿಚಾರಣೆ ನಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಅಡಿಯಲ್ಲಿ. ಅಜಾಗರೂಕ ಚಾಲನೆಗೆ ಸೆಕ್ಷನ್ 281, ಸಾವಾದರೆ 5 ವರ್ಷದವರೆಗೆ ಶಿಕ್ಷೆಯಿರುವ 106(1). ಅಲ್ಲಿ ಫೋನ್ ಕೈಯಲ್ಲಿತ್ತೋ ಡ್ಯಾಶ್‌ಬೋರ್ಡ್ ಮೇಲಿತ್ತೋ ಎಂಬುದು ರಕ್ಷಣೆಯಾಗುವುದಿಲ್ಲ.

ಒಂದು ವಿಷಯದಲ್ಲಿ ನಮ್ಮ ಕಾನೂನಿನ ಪದಜೋಡಣೆ ಬ್ರಿಟನ್ನಿನದಕ್ಕಿಂತ ಚೆನ್ನಾಗಿತ್ತು ಎನ್ನಲೇಬೇಕು. ಅಲ್ಲಿ 2003ರ ನಿಷೇಧ ಫೋನಿನ ಮೂಲಕ ನಡೆಯುವ ಸಂವಹನಕ್ಕೆ ಅಂಟಿಕೊಂಡಿತ್ತು. ಗಾಡಿ ಓಡಿಸುತ್ತಾ ಅಪಘಾತದ ಸ್ಥಳವನ್ನು ವಿಡಿಯೊ ಮಾಡಿದವನೊಬ್ಬ, ವಿಡಿಯೊ ಮಾಡುವುದು ಸಂವಹನವಲ್ಲ ಎಂಬ ಕಾರಣಕ್ಕೆ 2019ರಲ್ಲಿ ಹೈಕೋರ್ಟಿನಿಂದ ಪಾರಾದ. ಆ ಕಿಂಡಿ ಮುಚ್ಚಲು 2022ರ ಮಾರ್ಚ್ 25ರವರೆಗೆ ಕಾಯಬೇಕಾಯಿತು. ಈಗ ಅಲ್ಲಿ ಫೋಟೊ ತೆಗೆದರೂ, ಹಾಡು ಬದಲಿಸಿದರೂ 200 ಪೌಂಡ್ ದಂಡ ಮತ್ತು ಲೈಸೆನ್ಸ್ ಮೇಲೆ 6 ಪಾಯಿಂಟ್. ಲೈಸೆನ್ಸ್ ಸಿಕ್ಕು ಎರಡು ವರ್ಷ ತುಂಬದವರು ಅಷ್ಟಕ್ಕೇ ಲೈಸೆನ್ಸ್ ಕಳೆದುಕೊಳ್ಳುತ್ತಾರೆ. ನಮ್ಮ 184 ಸಾಧನದ ಬಳಕೆ ಎಂದಷ್ಟೇ ಹೇಳುತ್ತದೆ, ಏತಕ್ಕೆ ಬಳಸಿದೆ ಎಂದು ಕೇಳುವುದಿಲ್ಲ. ರೀಲ್ಸ್ ಮಾಡುವವನೂ ಅದರೊಳಗೇ ಬರುತ್ತಾನೆ.

ಎರಡು ಸೆಕೆಂಡ್ ಎಂದರೆ ಎಷ್ಟು ದೂರ

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಸಾಲು ಓದಲು ಎರಡು ಸೆಕೆಂಡ್ ಹಿಡಿದರೆ 33 ಮೀಟರ್, ಹತ್ತಿರ ಹತ್ತಿರ ಮೂರು ಸಿಟಿ ಬಸ್ಸಿನಷ್ಟು ಉದ್ದ, ಕಣ್ಣು ಮುಚ್ಚಿ ಓಡಿಸಿದಂತೆ. ತಲೆ ಎತ್ತಿದಾಗ ಎದುರಿಗೆ ಬಣ್ಣ ಬಳಿಯದ ಹಂಪ್ ಇದೆ, ಅಥವಾ ಹಸು ಅಡ್ಡ ಬಂದಿದೆ ಎಂದುಕೊಳ್ಳಿ. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕ್ ಮುಟ್ಟಲು ಒಂದೂವರೆ ಸೆಕೆಂಡ್, ಅಂದರೆ ಇನ್ನೂ 25 ಮೀಟರ್. ಒಣ ಡಾಂಬರಿನಲ್ಲಿ ಒಳ್ಳೆಯ ಟೈರ್ ಇದ್ದರೆ ಗಾಡಿ ನಿಲ್ಲಲು ಮತ್ತೆ 20 ಮೀಟರ್, ಮಳೆ ಬಿದ್ದು ಒದ್ದೆಯಾಗಿದ್ದರೆ 35 ಮೀಟರ್. ಫೋನ್ ನೋಡದವನು 45 ಮೀಟರ್‌ನಲ್ಲಿ ನಿಲ್ಲುವ ಕಡೆ ನೋಡಿದವನಿಗೆ 78 ಮೀಟರ್ ಬೇಕು. ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ, ಎಬಿಎಸ್ ಇದ್ದರೂ ಆ 33 ಮೀಟರ್ ವಾಪಸ್ ಬರುವುದಿಲ್ಲ, ಏಕೆಂದರೆ ಅದು ಕಳೆದುಹೋದದ್ದು ಬ್ರೇಕ್ ಮುಟ್ಟುವ ಮೊದಲೇ.

ಎರಡು ಸೆಕೆಂಡ್ ಎಂಬುದು ಉದಾರದ ಲೆಕ್ಕ. ಅಮೆರಿಕದ ವರ್ಜೀನಿಯಾ ಟೆಕ್ ಸಂಸ್ಥೆ ಲಾರಿಗಳ ಒಳಗೆ ಕ್ಯಾಮೆರಾ ಇಟ್ಟು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಸೇಜ್ ಮಾಡುವ ಚಾಲಕರ ಕಣ್ಣು ಆರು ಸೆಕೆಂಡಿನಲ್ಲಿ 4.6 ಸೆಕೆಂಡ್ ರಸ್ತೆಯ ಮೇಲೆ ಇರಲಿಲ್ಲ. ಅಪಘಾತ ಅಥವಾ ಅಪಘಾತದ ಅಂಚಿಗೆ ಹೋಗುವ ಸಾಧ್ಯತೆ 23 ಪಟ್ಟು ಹೆಚ್ಚಿತ್ತು.

ಇದು ಕಣ್ಣಿನ ಮಾತಾಯಿತು. ಗಮನದ ಮಾತು ಇನ್ನೂ ಸೂಕ್ಷ್ಮ. 1997ರಲ್ಲಿ ಟೊರಾಂಟೊದ ಇಬ್ಬರು ಸಂಶೋಧಕರು, ರೆಡೆಲ್‌ಮಯರ್ ಮತ್ತು ಟಿಬ್ಶಿರಾನಿ, ಅಪಘಾತಕ್ಕೀಡಾದ 699 ಚಾಲಕರ ಫೋನ್ ಬಿಲ್ಲುಗಳನ್ನು ತೆಗೆದು ಕುಳಿತರು. ಅಪಘಾತಕ್ಕೆ ಮುಂಚಿನ ಕೆಲವು ನಿಮಿಷದ ಕರೆಗಳನ್ನು ಅದೇ ಚಾಲಕನ ಹಿಂದಿನ ದಿನದ ಅದೇ ಹೊತ್ತಿನ ಕರೆಗಳ ಜೊತೆ ಹೋಲಿಸಿದರು. ಫೋನಿನಲ್ಲಿದ್ದಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಕೈಗೆ ಹಿಡಿಯದ ಫೋನ್ ಬಳಸಿದವರಿಗೆ ಇದರಿಂದ ಯಾವ ರಿಯಾಯಿತಿಯೂ ಸಿಗಲಿಲ್ಲ. 2005ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ಆಸ್ಪತ್ರೆಗೆ ದಾಖಲಾದ ಚಾಲಕರ ಮೇಲೆ ನಡೆದ ಅಧ್ಯಯನದಲ್ಲೂ ಬಂದದ್ದು ಅದೇ ನಾಲ್ಕು ಪಟ್ಟು.

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ ಎಂದು ವಾದಿಸುವವರಿದ್ದಾರೆ. ಪಕ್ಕದಲ್ಲಿ ಕೂತವರಿಗೂ ರಸ್ತೆ ಕಾಣುತ್ತದೆ. ಎದುರಿಗೆ ಲಾರಿ ಅಡ್ಡ ಬಂದರೆ ಅವರೇ ಮಾತು ನಿಲ್ಲಿಸುತ್ತಾರೆ, "ನೋಡ್ಕೊಂಡು, ನೋಡ್ಕೊಂಡು" ಎನ್ನುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಲಾರಿ ಕಾಣದು. ಅವರು ಸಾಲದ ಕಂತಿನ ಲೆಕ್ಕವನ್ನು ಕೇಳುತ್ತಲೇ ಇರುತ್ತಾರೆ, ಚಾಲಕ ಉತ್ತರ ಹುಡುಕುತ್ತಲೇ ಇರುತ್ತಾನೆ.

ಸಿಗ್ನಲ್‌ನಲ್ಲಿ ನಿಂತಾಗ ನೋಡಿದರೇನು? ಸಿಗ್ನಲ್‌ಗೆ ವಿನಾಯಿತಿ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಅಮೆರಿಕದ ವಾಹನ ಸಂಘ ಎಎಎ 2015ರಲ್ಲಿ ಹೇಳಿದ ಸಂಗತಿ: ಧ್ವನಿ ಆದೇಶದಂಥ ಕೆಲಸ ಮುಗಿಸಿದ ಮೇಲೂ 27 ಸೆಕೆಂಡಿನವರೆಗೆ ಗಮನ ಪೂರ್ತಿಯಾಗಿ ರಸ್ತೆಗೆ ಮರಳದೆ ಇರಬಹುದು. ಹಸಿರು ಬಿದ್ದು 40 ಕಿ.ಮೀ. ವೇಗದಲ್ಲಿ ಹೊರಟರೆ ಅಷ್ಟರಲ್ಲಿ 300 ಮೀಟರ್ ಮುಂದೆ ಹೋಗಿರುತ್ತೇವೆ. ಜಂಕ್ಷನ್ ದಾಟುವುದು, ಪಾದಚಾರಿಗಳು ಕೊನೇ ಗಳಿಗೆಯಲ್ಲಿ ಓಡುವುದು, ಎಡಗಡೆಯಿಂದ ಬೈಕ್ ನುಗ್ಗುವುದು ಎಲ್ಲ ಆ 300 ಮೀಟರ್ ಒಳಗೇ.

ಹೆಲ್ಮೆಟ್ ಒಳಗಿನ ಫೋನ್

ನಮ್ಮ ಊರುಗಳಲ್ಲಿ ಹೆಚ್ಚು ಕಾಣುವ, ಆದರೆ ಮೇಲೆ ಹೇಳಿದ ಹೊರದೇಶದ ಅಧ್ಯಯನಗಳಲ್ಲಿ ಸಿಗದ ಒಂದು ಅಭ್ಯಾಸವನ್ನು ಹತ್ತಿರದಿಂದ ನೋಡಬೇಕು. ಕರೆ ಬಂತು. ಸವಾರ ಗಾಡಿ ನಿಧಾನಿಸಿ, ಫೋನನ್ನು ಬಲಗಿವಿಯ ಹತ್ತಿರ ಹೆಲ್ಮೆಟ್ಟಿನ ಸಂದಿಗೆ ತುರುಕುತ್ತಾನೆ. ಅದು ಒಳಗೆ ಹೋಗಬೇಕಾದರೆ ಹೆಲ್ಮೆಟ್ ಸಡಿಲವಿರಬೇಕು, ಆದ್ದರಿಂದ ಪಟ್ಟಿ ಹಾಕಿರುವುದಿಲ್ಲ, ಹಾಕಿದ್ದರೂ ಜೋತುಬಿದ್ದಿರುತ್ತದೆ. ಒಂದು ಬದಿಯ ಮೆತ್ತೆ ಒತ್ತಿಕೊಂಡು ಹೆಲ್ಮೆಟ್ ಎಡಕ್ಕೆ ವಾಲುತ್ತದೆ, ಎಡಗಣ್ಣಿನ ಅಂಚಿನ ನೋಟ ಕಿರಿದಾಗುತ್ತದೆ. ಗಾಳಿಯ ಸದ್ದಿಗೆ ಮಾತು ಕೇಳದೆ ಅವನು ಕತ್ತು ಓರೆ ಮಾಡುತ್ತಾನೆ. ಕನ್ನಡಿ ನೋಡುವುದು ನಿಲ್ಲುತ್ತದೆ, ಏಕೆಂದರೆ ತಲೆ ತಿರುಗಿಸಿದರೆ ಫೋನ್ ಜಾರುತ್ತದೆ. ಹಂಪ್ ಮೇಲೆ ಅದು ಜಾರಿಯೇ ಜಾರುತ್ತದೆ. ಆಗ ಹಿಡಿಯಲು ಹೋಗುವ ಕೈ ಯೋಚಿಸಿ ಹೋಗುವುದಿಲ್ಲ, ತಾನಾಗಿ ಹೋಗುತ್ತದೆ. ಎಡಗೈ ಕ್ಲಚ್ ಬಿಟ್ಟರೆ ಒಂಟಿ ಬಲಗೈ ಮುಂದಿನ ಬ್ರೇಕ್ ಹಿಡಿಯುತ್ತದೆ, ಹ್ಯಾಂಡಲ್ ತಿರುಚಿ ಮುಂದಿನ ಚಕ್ರ ಕಳಚಿಕೊಂಡಂತೆ ಜಾರುತ್ತದೆ. ಬಲಗೈಯೇ ಮೇಲೆ ಹೋದರೆ ಮುಂದಿನ ಬ್ರೇಕೇ ಇಲ್ಲ.

ಬಿದ್ದಾಗ ಇನ್ನೂ ಕೆಟ್ಟದ್ದು ಕಾದಿದೆ. ಹೆಲ್ಮೆಟ್ ಕಾಪಾಡುವುದು ಒಳಗಿನ ಥರ್ಮಾಕೋಲಿನಂಥ ಪದರ ಏಟನ್ನು ಹರಡಿ ಕುಗ್ಗುವುದರಿಂದ. ಅದಕ್ಕೂ ಕೆನ್ನೆಯ ಎಲುಬಿಗೂ ನಡುವೆ ಗಾಜು ಮತ್ತು ಲೋಹದ ಹಲಗೆ ಇದ್ದರೆ ಏಟು ಹರಡದೆ ಅದರ ಅಂಚಿನಲ್ಲೇ ಇಳಿಯುತ್ತದೆ. ಪಟ್ಟಿ ಇಲ್ಲದ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿಹೋಗುವುದಂತೂ ಇದ್ದದ್ದೇ. "ಕೈಯಲ್ಲಿ ಹಿಡಿದಿಲ್ವಲ್ಲ" ಎಂದು ಸವಾರ ವಾದಿಸಿದರೂ ಪೊಲೀಸರು ಇದಕ್ಕೆ ಮೊಬೈಲ್ ಬಳಕೆಯ ಕೇಸನ್ನೇ ಹಾಕುತ್ತಾರೆ. ಹಾಕಬೇಕಾದದ್ದೂ ಹೌದು.

1,040 ಎಂಬ ಸಂಖ್ಯೆಯನ್ನು ಹೇಗೆ ಓದಬೇಕು

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2021ರಲ್ಲಿ ದೇಶದಲ್ಲಿ 4,12,432 ಅಪಘಾತ, 1,53,972 ಸಾವು. ಅದರಲ್ಲಿ ಮೊಬೈಲ್ ಬಳಕೆಯಿಂದ ಆದವು ಎಂದು ದಾಖಲಾದದ್ದು 1,997 ಅಪಘಾತ, 1,040 ಸಾವು. ನೂರಕ್ಕೆ ಒಂದೂ ಇಲ್ಲ. ಹತ್ತು ನಿಮಿಷ ಯಾವುದಾದರೂ ಸರ್ಕಲ್‌ನಲ್ಲಿ ನಿಂತು ನೋಡಿದವರು ಈ ಸಂಖ್ಯೆಯನ್ನು ನಂಬಲಾರರು.

ಸುಳ್ಳು ಬರೆದಿದ್ದಾರೆ ಎಂದಲ್ಲ. ಕಾರಣ ದಾಖಲಾಗುವ ರೀತಿಯೇ ಹಾಗಿದೆ. ಎಫ್‌ಐಆರ್‌ನಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು" ಎಂಬ ವಾಕ್ಯ ಸಿದ್ಧವಾಗಿರುತ್ತದೆ, ಹೆಚ್ಚಿನ ಪ್ರಕರಣ ಅದರೊಳಗೆ ಇಳಿದುಬಿಡುತ್ತದೆ. ಫೋನ್ ನೋಡುತ್ತಿದ್ದೆ ಎಂದು ಯಾವ ಚಾಲಕನೂ ಹೇಳಿಕೆ ಕೊಡುವುದಿಲ್ಲ. ಸ್ವಯಂ ಅಪಘಾತದಲ್ಲಿ ಸತ್ತವನು ಹೇಳಲು ಇರುವುದಿಲ್ಲ. ಫೋನ್ ಸ್ಥಳದಲ್ಲಿ ಬಿದ್ದಿದ್ದರೂ ಅದು ಜೇಬಿನಿಂದ ಬಿತ್ತೋ ಕೈಯಿಂದ ಬಿತ್ತೋ ಹೇಳುವುದು ಕಷ್ಟ.

ಕರೆ ದಾಖಲೆ ತರಿಸಬಹುದಲ್ಲ ಎನ್ನಬಹುದು. ತೊಡಕು ಎರಡು. ಕರೆ ದಾಖಲೆಯಲ್ಲಿ ಸಾಮಾನ್ಯ ಕರೆ ಮತ್ತು ಎಸ್‌ಎಂಎಸ್ ಸೆಕೆಂಡ್ ಸಮೇತ ಸಿಗುತ್ತವೆ. ವಾಟ್ಸ್‌ಆ್ಯಪ್ ಕರೆ, ಇನ್‌ಸ್ಟಾಗ್ರಾಂ, ಡೆಲಿವರಿ ಆ್ಯಪ್ ಇವು ಬರೀ ಡೇಟಾ ಬಳಕೆಯಾಗಿ ಕಾಣುತ್ತವೆ. ಜೇಬಿನಲ್ಲಿ ಸುಮ್ಮನಿರುವ ಫೋನ್ ಕೂಡ ಡೇಟಾ ಎಳೆಯುತ್ತಲೇ ಇರುವುದರಿಂದ ಅದು ಏನನ್ನೂ ಸಾಬೀತು ಮಾಡದು. ಎರಡನೆಯದು, ಎಫ್‌ಐಆರ್‌ನಲ್ಲಿ ಅಪಘಾತದ ಹೊತ್ತು "ಸಂಜೆ ಸುಮಾರು 7-30 ಗಂಟೆ ಸಮಯದಲ್ಲಿ" ಎಂದಿರುತ್ತದೆ. 40 ಸೆಕೆಂಡಿನ ಕರೆಯನ್ನು ಈ "ಸುಮಾರು" ಜೊತೆ ಹೊಂದಿಸುವುದು ಹೇಗೆ? ಐಐಟಿ ಮದ್ರಾಸ್ ಮತ್ತು ಎನ್‌ಐಸಿ ರೂಪಿಸಿದ ಅಪಘಾತ ದತ್ತಾಂಶ ವ್ಯವಸ್ಥೆಯಿಂದ ಈಗ ಪೊಲೀಸರು ಸ್ಥಳದಿಂದಲೇ ಫೋಟೊ, ಜಾಗದ ವಿವರ ತುಂಬುತ್ತಾರೆ. ಅದು ಒಳ್ಳೆಯ ಹೆಜ್ಜೆ. 108ಕ್ಕೆ ಬಂದ ಮೊದಲ ಕರೆಯ ನಿಖರ ಹೊತ್ತನ್ನೂ ಸಾವಿನ ಪ್ರಕರಣಗಳ ಕಡತಕ್ಕೆ ಕಡ್ಡಾಯವಾಗಿ ಸೇರಿಸಿದರೆ ಕರೆ ದಾಖಲೆಗೆ ಹೋಲಿಸಲು ಒಂದು ಗಟ್ಟಿ ಗುರುತು ಸಿಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ.

ಕ್ಯಾಮೆರಾ ಹಿಡಿಯುವುದು, ಬಿಡುವುದು

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಶುರುವಾದ ಐಟಿಎಂಎಸ್ (ತಂತ್ರಜ್ಞಾನದ ನೆರವಿನ ಸಂಚಾರ ನಿರ್ವಹಣಾ ವ್ಯವಸ್ಥೆ) ಕ್ಯಾಮೆರಾಗಳು ಹೆಲ್ಮೆಟ್, ಸೀಟ್ ಬೆಲ್ಟ್ ಜೊತೆಗೆ ಮೊಬೈಲ್ ಬಳಕೆಯನ್ನೂ ಗುರುತಿಸುತ್ತವೆ. 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ ಕ್ಯಾಮೆರಾ ಹಿಡಿಯಬಹುದಾದ ಅಪರಾಧಗಳ ಪಟ್ಟಿಯಲ್ಲಿ ಮೊಬೈಲನ್ನು ಹೆಸರಿಸಿದೆ, ನೋಟಿಸ್ 15 ದಿನದೊಳಗೆ ಹೋಗಬೇಕು ಎಂದೂ ಹೇಳಿದೆ. ಕಿವಿಗೆ ಹಿಡಿದ ಫೋನ್ ಕ್ಯಾಮೆರಾಗೆ ಸುಲಭ. ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುವುದು ಎದುರಿನಿಂದ ಕಾಣದು. 2020ರ ಮಾರ್ಚ್‌ನಿಂದ ದಂಡ ಹಾಕತೊಡಗಿದ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಕ್ಯಾಮೆರಾಗಳನ್ನು ಎತ್ತರದಿಂದ, ಗಾಜಿನ ಮೂಲಕ ಚಾಲಕನ ಮಡಿಲು ಕಾಣುವಂತೆ ಕೂರಿಸಿರುವುದು ಈ ಕಾರಣಕ್ಕೆ. ಹೆಚ್ಚು ಅಪಾಯದ ಬಳಕೆಯೇ ನಮ್ಮಲ್ಲಿ ತಪ್ಪಿಸಿಕೊಳ್ಳುತ್ತದೆ.

ತಪ್ಪು ನೋಟಿಸ್ ಬರುವುದೂ ಉಂಟು. ಕಿವಿ ಕೆರೆದುಕೊಂಡದ್ದು, ಕೆನ್ನೆಗೆ ಕೈ ಕೊಟ್ಟು ಕೂತದ್ದು ಚಿತ್ರದಲ್ಲಿ ಫೋನ್ ಹಿಡಿದಂತೆಯೇ ಕಾಣಬಹುದು. ನೋಟಿಸ್ ಬಂದರೆ ಮೊದಲು ಚಿತ್ರ ತೆರೆದು ನೋಡಿ. ನಂಬರ್ ಪ್ಲೇಟ್, ದಿನಾಂಕ, ಹೊತ್ತು, ಕೈಯಲ್ಲಿ ನಿಜಕ್ಕೂ ಏನಿದೆ ಎಂಬುದನ್ನು ನೋಡಿ, ತಪ್ಪಿದ್ದರೆ ಕಟ್ಟುವ ಮೊದಲೇ ಆಕ್ಷೇಪಣೆ ಸಲ್ಲಿಸಿ. ಕಟ್ಟಿದರೆ ಒಪ್ಪಿಕೊಂಡಂತೆ, ಅದು ಮೊದಲ ಅಪರಾಧವಾಗಿ ಉಳಿಯುತ್ತದೆ. ಬಾಕಿ ದಂಡಕ್ಕೆ 2023ರ ಫೆಬ್ರುವರಿಯಲ್ಲೂ 2025ರ ಆಗಸ್ಟ್‌ನಲ್ಲೂ ಅರ್ಧ ರಿಯಾಯಿತಿ ಕೊಟ್ಟಾಗ ಸಾಲುಗಟ್ಟಿ ಕಟ್ಟಿದರು. ಬೊಕ್ಕಸಕ್ಕೆ ಒಳ್ಳೆಯದಾಯಿತು, ಆದರೆ ಕಾಯ್ದರೆ ಅರ್ಧವಾಗುತ್ತದೆ ಎಂಬ ಪಾಠವೂ ಜನಕ್ಕೆ ಸಿಕ್ಕಿತು. ಅಪಾಯಕಾರಿ ಚಾಲನೆಯ ದಂಡವನ್ನಾದರೂ ಇಂಥ ರಿಯಾಯಿತಿಯಿಂದ ಹೊರಗಿಡಬೇಕು.

ಫೋನೇ ಕೆಲಸವಾಗಿರುವವರು

ಡೆಲಿವರಿ ಹುಡುಗರಿಗೆ, ಕ್ಯಾಬ್ ಮತ್ತು ಆಟೊದವರಿಗೆ "ಫೋನ್ ಮುಟ್ಟಬೇಡಿ" ಎನ್ನುವುದು ಬಡಗಿಗೆ ಉಳಿ ಮುಟ್ಟಬೇಡ ಎಂದಂತೆ. ಆರ್ಡರ್ ಬಂದಾಗ ಕೆಲವೇ ಸೆಕೆಂಡಿನಲ್ಲಿ ಒಪ್ಪಬೇಕು, ಇಲ್ಲದಿದ್ದರೆ ಇನ್ನೊಬ್ಬರ ಪಾಲು. ಆಮೇಲೆ ಗಿರಾಕಿಯ ಕರೆ: "ಎಲ್ಲಿದೀರಾ? ಅಲ್ಲಲ್ಲ, ಮೂರನೇ ಕ್ರಾಸ್ ಅಲ್ಲ, ಮೂರನೇ ಮೇನ್." ಗಾಡಿ ಓಡುತ್ತಿದೆಯೋ ನಿಂತಿದೆಯೋ ಎಂಬುದು ಆ್ಯಪ್‌ಗೆ ಜಿಪಿಎಸ್‌ನಿಂದ ಗೊತ್ತೇ ಇರುತ್ತದೆ. ಗಾಡಿ ನಿಲ್ಲುವವರೆಗೆ ಹೊಸ ಆರ್ಡರನ್ನು ಪರದೆಗೆ ತಾರದೆ ಹಿಡಿದಿಡುವುದು, ಓಡುತ್ತಿರುವಾಗ ಗಿರಾಕಿಯ ಕರೆಗೆ "ಸವಾರಿಯಲ್ಲಿದ್ದಾರೆ" ಎಂದು ತಾನೇ ಉತ್ತರಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯ ಗುರಿ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ನಿಧಿ. ಅದರಡಿ ನಿಯಮಗಳು ಬೆಳೆಯುತ್ತಾ ಹೋದಂತೆ ಈ ಒಂದು ಷರತ್ತು ಸೇರಬೇಕು. ಈಗ ದಂಡ ಬೀಳುವುದು ಸವಾರನಿಗೆ, ಅವಸರ ಹುಟ್ಟಿಸಿದ ಆ್ಯಪ್‌ಗೆ ಏನೂ ಇಲ್ಲ.

ಹೊರಡುವ ಮೊದಲು

ಲೊಕೇಶನ್ ಹಾಕುವುದು, ನಡುವೆ ನಿಲ್ಲಬೇಕಾದ ಕಡೆಗಳನ್ನು ಸೇರಿಸುವುದು ಎಲ್ಲ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಆಗಬೇಕು. ಗೂಗಲ್ ಮ್ಯಾಪ್ ಕನ್ನಡದಲ್ಲೇ ದಾರಿ ಹೇಳುತ್ತದೆ, ಧ್ವನಿಯ ಆಯ್ಕೆಯಲ್ಲಿ ಕನ್ನಡ ಹಾಕಿಕೊಂಡರೆ ಪರದೆ ನೋಡುವ ಅಗತ್ಯ ಬಹಳ ತಗ್ಗುತ್ತದೆ. ಕಾರಿನಲ್ಲಿ ಹೋಲ್ಡರನ್ನು ಗಾಜಿನ ನಡುವೆ ಅಂಟಿಸಬೇಡಿ. ಡ್ಯಾಶ್‌ಬೋರ್ಡಿನ ಅಂಚಿನಲ್ಲಿ, ರಸ್ತೆಯ ನೋಟಕ್ಕೆ ಅಡ್ಡ ಬಾರದಂತೆ, ಏರ್‌ಬ್ಯಾಗ್ ತೆರೆಯುವ ಜಾಗ ಬಿಟ್ಟು ಕೂರಿಸಿ. ಬೈಕ್ ಹ್ಯಾಂಡಲ್‌ಗೆ ಸಿಕ್ಕಿಸುವ ಹೋಲ್ಡರ್‌ನಲ್ಲಿ ಬೇರೆಯೇ ತೊಂದರೆ ಇದೆ: ಎಂಜಿನ್ನಿನ ಕಂಪನದಿಂದ ಫೋನಿನ ಕ್ಯಾಮೆರಾ ಕೆಡಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಮಳೆಹನಿ ಬಿದ್ದರೆ ಪರದೆ ತಾನಾಗಿ ಒತ್ತಿದಂತೆ ವರ್ತಿಸುತ್ತದೆ, ಸವಾರ ಅದನ್ನು ಒರೆಸಲು ಕೈ ಬಿಡುತ್ತಾನೆ. ಮುಂದಿನ ಎರಡು ತಿರುವು ನೆನಪಿಟ್ಟುಕೊಂಡು, ನಿಂತು ನೋಡಿ ಹೋಗುವುದೇ ಬೈಕಿಗೆ ಸರಿಯಾದ ಕ್ರಮ.

ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಫೋಕಸ್, ಡ್ರೈವಿಂಗ್ ಎಂದು ಹೋದರೆ ಕಾರಿನ ಬ್ಲೂಟೂತ್ ಸೇರಿದ ಕೂಡಲೇ ತಾನಾಗಿ ಶುರುವಾಗುವಂತೆ ಮಾಡಬಹುದು. ಮೆಸೇಜ್ ಕಳಿಸಿದವರಿಗೆ ನಾನು ಗಾಡಿ ಓಡಿಸುತ್ತಿದ್ದೇನೆ ಎಂಬ ಉತ್ತರ ತಾನೇ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿ, ಅದರೊಳಗೆ "ಮತ್ತೆ ಮತ್ತೆ ಕರೆ ಮಾಡುವವರು" ಎಂಬ ಆಯ್ಕೆ ತೆರೆದಿಡಿ. 15 ನಿಮಿಷದೊಳಗೆ ಅದೇ ವ್ಯಕ್ತಿ ಎರಡನೇ ಸಲ ಕರೆ ಮಾಡಿದರೆ ಮಾತ್ರ ರಿಂಗ್ ಆಗುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಬೇಕು: ತುರ್ತಿದ್ದರೆ ಎರಡು ಸಲ ಮಾಡಿ, ಇಲ್ಲದಿದ್ದರೆ ತಲುಪಿದ ಮೇಲೆ ನಾನೇ ಮಾಡುತ್ತೇನೆ. "ಎಲ್ಲಿದೀಯಾ, ಎಷ್ಟೊತ್ತಿಗೆ ಬರ್ತೀಯಾ" ಎಂಬ ಕರೆ ತಪ್ಪಿಸಲು ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಹಂಚಿ. ಒಂದು ಗಂಟೆಗೋ ಎಂಟು ಗಂಟೆಗೋ ಇಡಬಹುದು. ಕರೆ ಮಾಡುವವರೂ ಮೊದಲ ಮಾತಿನಲ್ಲೇ "ಗಾಡಿ ಓಡಿಸ್ತಿದೀರಾ?" ಎಂದು ಕೇಳಿ, ಹೌದೆಂದರೆ ಇಟ್ಟುಬಿಡಬೇಕು.

ಎರಡನೇ ಸಲ ರಿಂಗ್ ಆಯಿತು, ಮಾತಾಡಲೇಬೇಕು ಎಂದಾದರೆ ಎಡಕ್ಕೆ ಇಂಡಿಕೇಟರ್ ಹಾಕಿ, ಹಿಂದಿನವರಿಗೆ ಸಮಯ ಕೊಟ್ಟು, ತಿರುವು ಮತ್ತು ಬಸ್ ಸ್ಟಾಪ್ ದಾಟಿ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ. ಬೆಂಗಳೂರು-ಮೈಸೂರು ಹೆದ್ದಾರಿಯಂಥ ಕಡೆ ಮುಖ್ಯ ರಸ್ತೆಯ ಅಂಚಿನಲ್ಲಿ ನಿಲ್ಲಬೇಡಿ. ವೇಗವಾಗಿ ಹಿಂದಿನಿಂದ ಬರುವ ಲಾರಿಯ ಚಾಲಕ ತನ್ನ ಫೋನ್ ನೋಡುತ್ತಿರಬಹುದು. ಅಲ್ಲಿ ಸರ್ವಿಸ್ ರಸ್ತೆಗೆ ಇಳಿದು ಪೆಟ್ರೋಲ್ ಬಂಕ್ ಸೇರಿ, ಆಮೇಲೆ ಕರೆ ಮಾಡಿ.